ಅಪ್ಪನ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ತರಿಸುವುದು ಹೇಗೆ? ಹಳೇ ಯಂತ್ರ, ಕಡಿಮೆ ಡೇಟಾ, ಜೊತೆಗೆ ನನ್ನದೇ ಒಂದು ಎಡವಟ್ಟು

ಮೂಲೆಮನೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನ ಹತ್ತಿರ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇದೆ. ವಿಂಡೋಸ್ 10. ಎಂಟು ತಿಂಗಳಿಂದ ಬೀರುವಿನಲ್ಲೇ ಮಲಗಿತ್ತು. ಮೊನ್ನೆ ಹೊರಗೆ ತೆಗೆದು ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿದೆ. ನಾವಿಬ್ಬರೂ ಒಂದು ಪುಟವನ್ನೂ ತೆರೆದಿರಲಿಲ್ಲ, ಅಷ್ಟರಲ್ಲಿ ಡೇಟಾ ಖಾಲಿ. ಒಳಗೊಳಗೇ ಏನೇನೋ ಇಳಿಸಿಕೊಳ್ಳುತ್ತಿತ್ತು. ಅಷ್ಟು ನುಂಗಿದ ಮೇಲಾದರೂ ಕೆಲಸ ಮುಗಿಸಿತಾ? ಇಲ್ಲ. ಮುಕ್ಕಾಲು ಭಾಗ ಹೋಗಿ, 'ಆಗಲಿಲ್ಲ' ಎಂದು ಹೇಳಿ, ಮತ್ತೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಮೂರು ಸಲ ಹೀಗೇ ಆಯಿತು.

ಎಡವಟ್ಟು ಏನು ಅಂದರೆ, ಈ ತಲೆಬಿಸಿಯ ನಡುವೆ ಒಂದು ವಿಡಿಯೋ ತಾಣದಲ್ಲಿ 'ನಿಮ್ಮ ಬ್ರೌಸರ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ' ಎಂಬ ಪೆಟ್ಟಿಗೆ ಎದ್ದು ಬಂತು. ಸರಿಯಾಗಿಯೇ ಹೇಳುತ್ತಿದೆ ಅಲ್ವಾ ಅಂತ ಒತ್ತಿಬಿಟ್ಟೆ. ಆಮೇಲಿಂದ ಬ್ರೌಸರ್ ತೆರೆದರೆ ಯಾವುದೋ ಗುರುತಿಲ್ಲದ ಹುಡುಕು ಪುಟ ಬರುತ್ತದೆ.

ನನ್ನ ಪ್ರಶ್ನೆ ಎರಡು. ಬೇರೆ ಕಡೆ ಒಳ್ಳೆಯ ಇಂಟರ್ನೆಟ್ ಇದ್ದಾಗ ಅಪ್‌ಡೇಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ ತರಬಹುದಾ? ನೀವೆಲ್ಲ ಮನೆ ಕಂಪ್ಯೂಟರಿಗೆ ಹೇಗೆ ತರಿಸಿಕೊಳ್ಳುತ್ತೀರಿ?

ರಾತ್ರಿಪಾಳಿ
ಮೊದಲು ಎಡವಟ್ಟಿನ ವಿಷಯ. ಅಪ್‌ಡೇಟ್ ನಾಳೆ ಮಾಡಿದರೂ ನಡೆಯುತ್ತದೆ, ಇದು ಇವತ್ತೇ ಆಗಬೇಕು.

ಇಂಟರ್ನೆಟ್ ಕತ್ತರಿಸಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಂಗಳ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿ. ಆ ದಿನ ಬಂದು ಕೂತದ್ದು ಏನಿದೆಯೋ ಅದನ್ನು ತೆಗೆಯಿರಿ. ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಶನ್ ಪಟ್ಟಿ ನೋಡಿ, ನೀವು ಹಾಕದೇ ಇರುವುದನ್ನು ಕಿತ್ತು ಹಾಕಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಒಳಗೆ ಸ್ಕ್ಯಾನ್ ಆಯ್ಕೆಗಳಲ್ಲಿ 'ಆಫ್‌ಲೈನ್ ಸ್ಕ್ಯಾನ್' ಇದೆ. ಅದು ಯಂತ್ರವನ್ನು ಮರುಚಾಲೂ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ವಿಂಡೋಸ್ ನಡೆಯುವಾಗ ಅಡಗಿ ಕೂರುವಂಥವು ಅಲ್ಲಿ ಸಿಕ್ಕಿಬೀಳುತ್ತವೆ.

ಆ ದಿನದಿಂದ ಈಚೆಗೆ ಆ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕಿನದೋ ಮೇಲ್‌ದೋ ಪಾಸ್‌ವರ್ಡ್ ಹಾಕಿದ್ದರೆ ಬದಲಿಸಿ. ಅದೇ ಯಂತ್ರದಿಂದ ಅಲ್ಲ, ಫೋನಿನಿಂದ.

ಮೂಲೆಮನೆ
ಮಾಡುತ್ತಿದ್ದೇನೆ. ಪಟ್ಟಿಯಲ್ಲಿ 'ಪಿಸಿ' ಎಂದು ಶುರುವಾಗುವ ಎರಡು ಹೆಸರು ಸಿಕ್ಕವು. ಅಪ್ಪ ಪಕ್ಕದಲ್ಲೇ ಕೂತು 'ನಾನು ಮುಟ್ಟಿಲ್ಲ' ಅನ್ನುತ್ತಿದ್ದಾರೆ.

ಡಯಲಪ್ ಕಾಲದವ
ಪೆನ್‌ಡ್ರೈವ್‌ನಲ್ಲಿ ತರಬಹುದಾ ಎಂದು ಕೇಳಿದ್ದೀರಿ. ನಾವು ಒಂದು ಕಾಲದಲ್ಲಿ ತರುತ್ತಿದ್ದುದೇ ಹಾಗೆ. ಪೆನ್‌ಡ್ರೈವ್ ಇರಲಿಲ್ಲ ಅಷ್ಟೇ.

ನಾನು ಕಂಪ್ಯೂಟರ್ ಮುಟ್ಟಿದಾಗ ಅಪ್‌ಡೇಟ್ ಅಂದರೆ ಫ್ಲಾಪಿ. ಕೊಂಡ ಪೆಟ್ಟಿಗೆಯಲ್ಲಿ ಒಂದು ನೋಂದಣಿ ಕಾರ್ಡ್ ಇರುತ್ತಿತ್ತು. ತುಂಬಿ ಅಂಚೆಗೆ ಹಾಕಿದರೆ, ಹೊಸ ಆವೃತ್ತಿ ಬಂದಾಗ ಕಂಪನಿ ಕಾಗದ ಬರೆಯುತ್ತಿತ್ತು. ಇಲ್ಲದಿದ್ದರೆ ಯಾರಾದರೂ ಮೋಡೆಮ್ ಇರುವವರು ಬುಲೆಟಿನ್ ಬೋರ್ಡ್‌ಗೆ (ಫೋನ್ ತಂತಿಯಲ್ಲಿ ಕಡತ ಹಂಚುತ್ತಿದ್ದ ಕಂಪ್ಯೂಟರ್) ಫೋನ್ ಮಾಡಿ ಇಳಿಸಿ, ಫ್ಲಾಪಿಗೆ ಹಾಕಿ ಕೊಡುತ್ತಿದ್ದರು. 1993ರಲ್ಲಿ ಎಂಎಸ್-ಡಾಸ್ 6 ಇದ್ದವರು 6.2ಕ್ಕೆ ಹೋಗಿದ್ದು ಹೀಗೇ. 'ಸ್ಟೆಪ್-ಅಪ್' ಅಂತ ಒಂದು ಚಿಕ್ಕ ಕಟ್ಟು ಬಂದಿತ್ತು.

ವಿಂಡೋಸ್ 95ರ ಕಾಲದಲ್ಲಿ ಇನ್ನೂ ಒಂದು ತಮಾಷೆ. 1996ರ ಸುಧಾರಿತ ಆವೃತ್ತಿ ಹೊಸ ಕಂಪ್ಯೂಟರಿನ ಜೊತೆಗೆ ಮಾತ್ರ ಬರುತ್ತಿತ್ತು. ಹಳೇ ಯಂತ್ರದವನಿಗೆ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. 1998ರಲ್ಲಿ ವಿಂಡೋಸ್ 98ರ ಜೊತೆ 'ವಿಂಡೋಸ್ ಅಪ್‌ಡೇಟ್' ಎಂಬ ಪುಟ ಬಂತು. ಸ್ಟಾರ್ಟ್ ಮೆನುವಿನಲ್ಲಿ ಒತ್ತಿದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದು, ನಿಮಗೆ ಏನು ಬೇಕು ಎಂದು ಅದೇ ಹುಡುಕಿ ಹೇಳುತ್ತಿತ್ತು. ನಮಗೆ ಅದು ಮಾಯಾಜಾಲ. ಆದರೆ ಆ ಪುಟಕ್ಕೆ ನಾವೇ ಹೋಗಬೇಕಿತ್ತು. ಯಾರು ಹೋಗುತ್ತಿದ್ದರು ಹೇಳಿ? 2000ದ ವಿಂಡೋಸ್ ಎಂಇಯಿಂದ ತಾನಾಗಿಯೇ ತರಿಸಿಕೊಳ್ಳುವ ಪದ್ಧತಿ ಶುರುವಾಯಿತು.

2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಎರಡನೇ ಸರ್ವಿಸ್ ಪ್ಯಾಕ್, ಅಂದರೆ ಅಪ್‌ಡೇಟ್‌ಗಳ ದೊಡ್ಡ ಕಟ್ಟು, ಬಂದಾಗ ಪೂರ್ತಿ ಕಡತ 266 ಎಂಬಿ. ನನ್ನ ಮೋಡೆಮ್‌ನಲ್ಲಿ ಸೆಕೆಂಡಿಗೆ 5 ಕೆಬಿ ಸಿಕ್ಕರೆ ಅದೇ ಹೆಚ್ಚು. ಲೆಕ್ಕ ಹಾಕಿ, 15 ಗಂಟೆ. ನಡುವೆ ಯಾರಾದರೂ ಫೋನ್ ಎತ್ತಿದರೆ ಮುಗಿಯಿತು! ನಾನು ಕೊನೆಗೆ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಹಾಕಿಕೊಂಡೆ. ಅದೇ ಸಿಡಿ ನಾಲ್ಕು ಮನೆ ಸುತ್ತಿತು.

ಅರೆಬರೆ
ಸರ್, ಚರಿತ್ರೆ ಚೆನ್ನಾಗಿದೆ. ಆದರೆ ನನ್ನ ಅಭಿಪ್ರಾಯ ಬೇರೆ. ನಾನು ಎಲ್ಲ ಅಪ್‌ಡೇಟ್ ಬಂದ್ ಮಾಡಿ ಮೂರು ವರ್ಷ ಆಯಿತು. ಸರ್ವಿಸ್ ಪಟ್ಟಿಗೆ ಹೋಗಿ ನಿಲ್ಲಿಸಿಬಿಟ್ಟಿದ್ದೇನೆ. ಇವತ್ತಿನವರೆಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸುತ್ತಾರೆ.

ಲ್ಯಾಬ್ ಟೀಚರ್
ಏನೂ ಆಗಿಲ್ಲ ಅನ್ನುವುದು ನಿಮಗೆ ಹೇಗೆ ಗೊತ್ತು? ಈಗಿನ ಕಳ್ಳ ತಂತ್ರಾಂಶ ಪರದೆ ಮೇಲೆ ಬಂದು ಕುಣಿಯುವುದಿಲ್ಲ.

ಡಯಲಪ್ ಕಾಲದವ
ಅರೆಬರೆ ಅವರೇ, ನಾನೂ ಹೀಗೇ ಹೇಳಿಕೊಂಡು ಓಡಾಡಿದವನು. 2003ರ ಆಗಸ್ಟ್‌ವರೆಗೆ.

ಆ ತಿಂಗಳು ಬ್ಲಾಸ್ಟರ್ ಎಂಬ ಹುಳು ಬಂತು. ನಾವು ಏನನ್ನೂ ಒತ್ತಬೇಕಾಗಿರಲಿಲ್ಲ, ಏನನ್ನೂ ತೆರೆಯಬೇಕಾಗಿರಲಿಲ್ಲ. ಎಕ್ಸ್‌ಪಿ ಯಂತ್ರ ಇಂಟರ್ನೆಟ್‌ಗೆ ಸೇರಿದರೆ ಸಾಕು. ಸ್ವಲ್ಪ ಹೊತ್ತಿಗೆ '60 ಸೆಕೆಂಡಿನಲ್ಲಿ ಯಂತ್ರ ನಿಲ್ಲುತ್ತದೆ' ಎಂಬ ಪೆಟ್ಟಿಗೆ ಬಂದು, 59, 58 ಅಂತ ಎಣಿಕೆ ಶುರು. ಮತ್ತೆ ಆನ್ ಮಾಡಿ, ಮತ್ತೆ ಸೇರಿಸಿ, ಮತ್ತೆ ಅದೇ. ಗುಣಪಡಿಸುವ ಪ್ಯಾಚ್ ಎಲ್ಲಿದೆ? ಇಂಟರ್ನೆಟ್‌ನಲ್ಲಿ. ಇಂಟರ್ನೆಟ್‌ಗೆ ಹೋದರೆ? ಮತ್ತೆ 60 ಸೆಕೆಂಡ್. ಯಾರೋ ಫೋನಿನಲ್ಲಿ ಉಪಾಯ ಹೇಳಿಕೊಟ್ಟರು. ರನ್ ಪೆಟ್ಟಿಗೆಯಲ್ಲಿ 'ಶಟ್‌ಡೌನ್ -ಎ' ಎಂದು ಹೊಡೆದರೆ ಎಣಿಕೆ ನಿಲ್ಲುತ್ತದೆ, ಆಮೇಲೆ ಒಳಗೇ ಇರುವ ಫೈರ್‌ವಾಲ್ ಆನ್ ಮಾಡಿ, ಆಮೇಲೆ ಇಳಿಸು. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಅದನ್ನು ಆನ್ ಮಾಡಿಟ್ಟು ಕೊಡುತ್ತಿರಲಿಲ್ಲ.

ಹೊಟ್ಟೆ ಉರಿಯುವ ಸಂಗತಿ ಏನು ಗೊತ್ತಾ? ಹುಳು ನುಗ್ಗಿದ ಆ ತೂತಿಗೆ ಪ್ಯಾಚ್ ಜುಲೈ 16ರಂದೇ ಬಂದಿತ್ತು. ಸುಮಾರು ನಾಲ್ಕು ವಾರ ಮೊದಲೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಬಾಗಿಲು ತಂದು ಎದುರಿಗೇ ನಿಲ್ಲಿಸಿದ್ದರು. ಹಾಕಿಕೊಳ್ಳದವರು ನಾವು. ಆ ಹುಳು ಆಗಸ್ಟ್ 16ರಿಂದ ಅಪ್‌ಡೇಟ್ ತಾಣದ ಹೆಸರಿನ ಮೇಲೇ ಮುಗಿಬೀಳುವಂತೆ ಬರೆದಿದ್ದರು. ಅದೃಷ್ಟಕ್ಕೆ ಅದನ್ನು ಬರೆದವರು ಹಾಕಿದ್ದ ಹೆಸರು ನಿಜವಾದ ತಾಣದ್ದಲ್ಲ, ಅಲ್ಲಿಗೆ ದಾರಿ ತೋರಿಸುವ ಒಂದು ಅಡ್ಡ ಹೆಸರು. ಮೈಕ್ರೋಸಾಫ್ಟ್ ಆ ಅಡ್ಡ ಹೆಸರನ್ನೇ ತೆಗೆದುಹಾಕಿತು.

ಅದೇ ವರ್ಷ ಅಕ್ಟೋಬರ್‌ನಿಂದ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುವ ಪದ್ಧತಿ ಬಂತು. 2004ರ ಫೆಬ್ರವರಿಯಲ್ಲಿ ಅಪ್‌ಡೇಟ್‌ಗಳ ಸಿಡಿಯನ್ನು ಕೇಳಿದವರಿಗೆ ಬಿಟ್ಟಿ ಕಳಿಸಿದರು. ಡಯಲಪ್‌ನವರ ಕಷ್ಟ ಕೊನೆಗೂ ಅರ್ಥವಾಗಿತ್ತು ಅಂತ ಕಾಣುತ್ತದೆ.

ಅರೆಬರೆ
ನಾನು ಬಂದ್ ಮಾಡಿದ್ದಕ್ಕೂ ಕಾರಣ ಇದೆ ಸರ್. ರಾತ್ರಿ ಎಲ್ಲ ಕೂತು ಒಂದು ವಿಡಿಯೋ ಎಡಿಟ್ ಮಾಡಿ, ರೆಂಡರ್‌ಗೆ (ಅಂತಿಮ ವಿಡಿಯೋ ಕಡತ ತಯಾರಾಗಲು) ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ಯಂತ್ರ ತಾನೇ ಮರುಚಾಲೂ ಆಗಿ ಸ್ವಚ್ಛವಾಗಿ ನನ್ನನ್ನು ನೋಡುತ್ತಿದೆ. ಕೆಲಸ ಹೋಯಿತು. ನನ್ನ ಯಂತ್ರ, ನನ್ನನ್ನು ಕೇಳದೆ ಹೇಗೆ ಆಫ್ ಆಗುತ್ತದೆ?

ಲ್ಯಾಬ್ ಟೀಚರ್
ಈ ಸಿಟ್ಟು ನ್ಯಾಯವಾದದ್ದು. ಅದಕ್ಕೆ ನನ್ನ ಬಳಿ ಬೇರೆ ಮಾತಿಲ್ಲ. ಆದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡಿದ್ದೀರಿ.

'ಆ್ಯಕ್ಟಿವ್ ಅವರ್ಸ್' ಅಂತ ಇದೆ, 18 ಗಂಟೆಯವರೆಗೆ ಹಾಕಿಕೊಳ್ಳಬಹುದು. ಆ ಹೊತ್ತಿನಲ್ಲಿ ಅದು ತಾನಾಗಿ ಮರುಚಾಲೂ ಆಗುವುದಿಲ್ಲ. ದೊಡ್ಡ ಕೆಲಸ ಇದ್ದರೆ 'ಪಾಜ್' (ತಾತ್ಕಾಲಿಕ ತಡೆ) ಒತ್ತಿ. ಹೋಮ್ ಆವೃತ್ತಿಯಲ್ಲೂ 35 ದಿನದವರೆಗೆ ನಿಲ್ಲಿಸಬಹುದು. ಆಮೇಲೆ ಒಮ್ಮೆ ತೆಗೆದುಕೊಂಡರೆ ಮತ್ತೆ ನಿಲ್ಲಿಸಲು ಬಿಡುತ್ತದೆ.

ನನ್ನ ಪದ್ಧತಿ ಹೇಳುತ್ತೇನೆ. ಲ್ಯಾಬಿನಲ್ಲಿ ಮೂವತ್ತು ಯಂತ್ರ, ಮನೆಯಲ್ಲಿ ಎರಡು. ಎರಡನೇ ಮಂಗಳವಾರ ಬಂದದ್ದನ್ನು ಅವತ್ತೇ ಹಾಕುವುದಿಲ್ಲ. ಒಂದು ವಾರ ಬಿಡುತ್ತೇನೆ. ಮೊದಲು ಒಂದೇ ಯಂತ್ರಕ್ಕೆ, ಎರಡು ದಿನ ಬಿಟ್ಟು ಉಳಿದವಕ್ಕೆ. 2018ರ ಅಕ್ಟೋಬರ್‌ನ ದೊಡ್ಡ ಅಪ್‌ಡೇಟ್, ಆವೃತ್ತಿ 1809, ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿತ್ತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರ್‌ನಲ್ಲಿ ಸರಿಪಡಿಸಿ ಮತ್ತೆ ಬಿಟ್ಟರು. ಒಂದು ವಾರ ಕಾದವರಿಗೆ ಅದು ಬರೀ ಸುದ್ದಿ, ಮೊದಲ ದಿನ ಒತ್ತಿದವರಿಗೆ ಅಳು.

ಹಾಗಂತ ತಿಂಗಳುಗಟ್ಟಲೆ ಕಾಯುವುದು ಜಾಣತನ ಅಲ್ಲ. ಪ್ಯಾಚ್ ಹೊರಗೆ ಬಂದ ಕೂಡಲೇ ಕಳ್ಳರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಬದಲಾಗಿದೆ ಎಂದು ನೋಡುತ್ತಾರೆ. ತೂತು ಎಲ್ಲಿತ್ತು ಎಂದು ಪ್ಯಾಚೇ ಹೇಳಿಕೊಡುತ್ತದೆ. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಹುಳು ಬಂದದ್ದು 2017ರ ಮೇ 12ಕ್ಕೆ. ಅದರ ಪ್ಯಾಚ್ ಮಾರ್ಚ್ 14ಕ್ಕೇ ಸಿಕ್ಕಿತ್ತು. ಒಂದು ವಾರ ತಡ ಮಾಡಿದವರು ಉಳಿದುಕೊಂಡರು, ಎರಡು ತಿಂಗಳು ತಡ ಮಾಡಿದವರ ಕಡತಗಳಿಗೆ ಬೀಗ ಬಿತ್ತು.

ಪೆಂಗ್ವಿನ್ ಪಕ್ಷದವ
ಎಲ್ಲರೂ ವಿಂಡೋಸ್ ಸುತ್ತವೇ ತಿರುಗುತ್ತಿದ್ದೀರಿ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಈ ರಗಳೆ ಅರ್ಧ ಇಲ್ಲ.

ವಿಂಡೋಸ್‌ನಲ್ಲಿ ಸಿಸ್ಟಮ್ ಒಂದು ಕಡೆಯಿಂದ, ಬ್ರೌಸರ್ ಇನ್ನೊಂದು ಕಡೆಯಿಂದ, ವಿಡಿಯೋ ಪ್ಲೇಯರ್ ಮತ್ತೊಂದು ಕಡೆಯಿಂದ. ಪ್ರತಿಯೊಂದಕ್ಕೂ ಅದರದೇ ಅಪ್‌ಡೇಟರ್, ಎಲ್ಲವೂ ಯಂತ್ರ ಆನ್ ಆದ ಕೂಡಲೇ ಎದ್ದು ಕೂರುತ್ತವೆ. ನಮ್ಮಲ್ಲಿ ಒಂದೇ ಉಗ್ರಾಣ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ 1999ರಿಂದ ಎಪಿಟಿ ಎಂಬ ಸಲಕರಣೆ ಇದೆ. ಎರಡು ಆಜ್ಞೆ ಹೊಡೆದರೆ ಸಿಸ್ಟಮ್, ಬ್ರೌಸರ್, ಆಫೀಸ್, ಆಟ ಎಲ್ಲ ಒಟ್ಟಿಗೆ ಹೊಸದಾಗುತ್ತವೆ. ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯಲ್ಲಿ ಪ್ರತಿ ಕಡತದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಇರುತ್ತದೆ. ಆದ್ದರಿಂದ ಯಾವ ಊರಿನ ಯಾವ ಮಿರರ್‌ನಿಂದ (ಉಗ್ರಾಣದ ನಕಲು ಇಟ್ಟಿರುವ ತಾಣ) ಇಳಿಸಿದರೂ, ದಾರಿಯಲ್ಲಿ ಒಂದು ಅಕ್ಷರ ಬದಲಾದರೆ ಯಂತ್ರ ಒಪ್ಪುವುದಿಲ್ಲ.

ಇಂಟರ್ನೆಟ್ ಇಲ್ಲದವರಿಗೂ ದಾರಿ ಇದೆ. 'ಎಪಿಟಿ-ಆಫ್‌ಲೈನ್' ಎಂಬುದು ನಿಮ್ಮ ಯಂತ್ರಕ್ಕೆ ಏನು ಬೇಕೋ ಅದರ ಚೀಟಿ ಬರೆದುಕೊಡುತ್ತದೆ. ಚೀಟಿಯನ್ನು ಪೆನ್‌ಡ್ರೈವ್‌ನಲ್ಲಿ ಬೇರೆ ಕಡೆ ಒಯ್ದು ಇಳಿಸಿ, ತಂದು ಹಾಕಿ. ಇನ್ನೊಂದು ಬಗೆಯಾದ ಉಬುಂಟು 2005ರಿಂದ 2011ರವರೆಗೆ ಕೇಳಿದವರ ಮನೆಗೆ ಸಿಡಿಯನ್ನೇ ಅಂಚೆಯಲ್ಲಿ ಬಿಟ್ಟಿ ಕಳಿಸುತ್ತಿತ್ತು. ನನ್ನ ಮೊದಲ ಲಿನಕ್ಸ್ ಬಂದದ್ದು ಆ ಲಕೋಟೆಯಲ್ಲಿ, ಲಕೋಟೆ ಈಗಲೂ ಇಟ್ಟುಕೊಂಡಿದ್ದೇನೆ.

ಅಪ್ಪನಿಗೆ ಲಿನಕ್ಸ್ ಮಿಂಟ್ ಹಾಕಿಕೊಡಿ, ಮುಗಿಯಿತು.

ರಾತ್ರಿಪಾಳಿ
ಬಂತು ನೋಡಿ. ಪ್ರತಿ ಎಳೆಯಲ್ಲೂ ಹತ್ತನೇ ಉತ್ತರದ ಆಸುಪಾಸಿನಲ್ಲಿ ಒಬ್ಬರು ಮಿಂಟ್ ಹಾಕಿ ಅನ್ನಲೇಬೇಕು.

ತಮಾಷೆ ಬಿಡಿ, ಉಗ್ರಾಣದ ಮಾತು ನಿಜ. ಆದರೆ ಉಗ್ರಾಣಕ್ಕೂ ಇಲಿ ನುಗ್ಗುತ್ತದೆ. 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನಲ್ಲಿ ಕಡತ ಕುಗ್ಗಿಸುವ 'ಎಕ್ಸ್‌ಝಡ್' ತಂತ್ರಾಂಶದ ವಿಷಯ ಮರೆತಿರಾ? ಎರಡು ವರ್ಷ ಒಳ್ಳೆಯವನ ಹಾಗೆ ಕೆಲಸ ಮಾಡಿ ನಂಬಿಕೆ ಗಳಿಸಿದವನೇ ಹಿಂಬಾಗಿಲು ಇಟ್ಟಿದ್ದ. ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಎಂದು ಒಬ್ಬ ಡೆವಲಪರ್ ತಲೆ ಕೆಡಿಸಿಕೊಂಡಿದ್ದರಿಂದ ಸಿಕ್ಕಿತು.

ಪೆಂಗ್ವಿನ್ ಪಕ್ಷದವ
ಮರೆತಿಲ್ಲ. ಆದರೆ ಅದು ಮುಟ್ಟಿದ್ದು ಪರೀಕ್ಷೆಯ ಶಾಖೆಗಳನ್ನು. ಸ್ಥಿರ ಆವೃತ್ತಿಯ ಡೆಬಿಯನ್‌ಗೆ ಬರಲೇ ಇಲ್ಲ. ನಿಧಾನವಾಗಿ ಬಿಡುವುದರ ಲಾಭ ಅದೇ.

ಲ್ಯಾಬ್ ಟೀಚರ್
ಅಂದರೆ ಒಂದು ವಾರ ಕಾಯುವ ನನ್ನ ಪದ್ಧತಿಯನ್ನೇ ನಿಮ್ಮವರೂ ಮಾಡುತ್ತಿದ್ದಾರೆ. ಧನ್ಯವಾದ.

ಮೂಲೆಮನೆ
ನೀವೆಲ್ಲ ಮಾತಾಡುತ್ತಿರುವಾಗ ಸ್ಕ್ಯಾನ್ ಮುಗಿಯಿತು. ಎರಡು ಸಿಕ್ಕವು, ತೆಗೆಯಿತು. ಹುಡುಕು ಪುಟವೂ ಸರಿಹೋಯಿತು. ಪಾಸ್‌ವರ್ಡ್ ಬದಲಿಸಿದೆ.

ಮಿಂಟ್ ಬೇಡ ಅಂತ ಅಪ್ಪ. ಅವರ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ವಿಂಡೋಸ್ 11 ಹಾಕೋಣ ಅಂದರೆ 'ಈ ಯಂತ್ರಕ್ಕೆ ಆಗುವುದಿಲ್ಲ' ಎನ್ನುತ್ತದೆ. ಹಾಗಾದರೆ ಇದರ ಆಯಸ್ಸು ಮುಗಿಯಿತಾ?

ಮತ್ತೆ, ಅಪ್‌ಡೇಟ್ ಏಕೆ ಪ್ರತಿ ಸಲ ಹಿಂದಕ್ಕೆ ಬರುತ್ತದೆ ಅನ್ನುವುದು ಇನ್ನೂ ಗೊತ್ತಾಗಿಲ್ಲ.

ರಾತ್ರಿಪಾಳಿ
ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ?

ಮೂಲೆಮನೆ
2.8 ಜಿಬಿ.

ರಾತ್ರಿಪಾಳಿ
ಅದೇ ರೋಗ. ಇಳಿಸಿದ ಕಟ್ಟು ಬಿಚ್ಚಿಕೊಳ್ಳಲು ಜಾಗ ಬೇಕು, ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ಹಳೇ ಕಡತಗಳನ್ನು ಇಟ್ಟುಕೊಳ್ಳಲೂ ಜಾಗ ಬೇಕು. ಮುಕ್ಕಾಲು ಭಾಗ ಹೋಗಿ ಜಾಗ ಸಾಲದೆ ವಾಪಸ್ ಬರುತ್ತಿದೆ. ಪಾಪ ಅದರ ತಪ್ಪಿಲ್ಲ.

ಡಿಸ್ಕ್ ಕ್ಲೀನಪ್ ತೆರೆಯಿರಿ. ಅದರಲ್ಲಿ ಸಿಸ್ಟಮ್ ಕಡತಗಳನ್ನು ತೆಗೆಯುವ ಇನ್ನೊಂದು ಗುಂಡಿ ಇದೆ, ಜಾಸ್ತಿ ಜನ ಅದನ್ನು ಒತ್ತುವುದೇ ಇಲ್ಲ. ಹಳೇ ಅಪ್‌ಡೇಟ್‌ಗಳ ಉಳಿಕೆ, ತಾತ್ಕಾಲಿಕ ಕಡತ, ಎಲ್ಲ ಅಲ್ಲಿ ಹೋಗುತ್ತದೆ. ಆದರೆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಅಂತ ಇದ್ದರೆ ಅದಕ್ಕೆ ಗುರುತು ಹಾಕಬೇಡಿ, ಅಪ್ಪನ ಫೋಟೋಗಳು ಅಲ್ಲೇ ಇರಬಹುದು. ಅವರ ಕಡತಗಳನ್ನು ಒಂದು ಹೊರಗಿನ ಡ್ರೈವ್‌ಗೆ ನಕಲು ಮಾಡಿ. ಹೇಗೂ ಅಪ್‌ಡೇಟ್‌ಗೆ ಮೊದಲು ಅದು ಮಾಡಬೇಕಾದ್ದೇ. 15–20 ಜಿಬಿ ಖಾಲಿ ಇದ್ದರೆ ಉಸಿರಾಡುತ್ತದೆ.

ಲ್ಯಾಬ್ ಟೀಚರ್
ಆಯಸ್ಸಿನ ಪ್ರಶ್ನೆಗೆ ಉತ್ತರ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯವರಿಗೂ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿದ್ದಾರೆ, 2026ರ ಅಕ್ಟೋಬರ್ 13ರವರೆಗೆ. ಅದಕ್ಕೆ ಯಂತ್ರ 22ಎಚ್2 ಆವೃತ್ತಿಯಲ್ಲಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣುತ್ತದೆ. ದುಡ್ಡು ಕೊಟ್ಟೂ ಸೇರಬಹುದು, ಸೆಟಿಂಗ್ಸ್ ಬ್ಯಾಕಪ್ ಆನ್ ಮಾಡಿ ದುಡ್ಡಿಲ್ಲದೆಯೂ ಸೇರಬಹುದು. ಇದರಲ್ಲಿ ಹೊಸ ಸೌಲಭ್ಯ ಏನೂ ಬರುವುದಿಲ್ಲ, ತೂತು ಮುಚ್ಚುವ ಕೆಲಸ ಮಾತ್ರ. ಅಪ್ಪನಿಗೆ ಬೇಕಾದದ್ದೂ ಅಷ್ಟೇ ಅಲ್ವಾ?

ವಿಂಡೋಸ್‌ನ ಒಳಗೇ ಇರುವ ವೈರಸ್ ಕಾವಲುಗಾರ ಡಿಫೆಂಡರ್‌ನ ವೈರಸ್ ಪಟ್ಟಿ ಮಾತ್ರ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೂ ಬರುತ್ತದೆ. ಕೆಲವರು ಇದನ್ನೇ ಹಿಡಿದು 'ಇನ್ನೂ ಅಪ್‌ಡೇಟ್ ಬರ್ತಿದೆ' ಅಂದುಕೊಳ್ಳುತ್ತಾರೆ. ಅದು ಕಳ್ಳರ ಫೋಟೋ ಪಟ್ಟಿ, ಮುರಿದ ಕಿಟಕಿ ರಿಪೇರಿ ಅಲ್ಲ.

ಪೆನ್‌ಡ್ರೈವ್ ದಾರಿ: 'ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್' ಎಂಬ ತಾಣ ಇದೆ. ಪ್ರತಿ ಅಪ್‌ಡೇಟ್‌ಗೂ 'ಕೆಬಿ' ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ, ಅದನ್ನು ಅಲ್ಲಿ ಹಾಕಿ ಹುಡುಕಿ. ನಿಮ್ಮ ಯಂತ್ರ 64 ಬಿಟ್ ಆಗಿದ್ದರೆ ಎಕ್ಸ್64 ಎಂದು ಇರುವುದನ್ನೇ ಇಳಿಸಿ. ಎಂಎಸ್‌ಯು ಕಡತ ಸಿಗುತ್ತದೆ, ತಂದು ಎರಡು ಸಲ ಒತ್ತಿದರೆ ಹಾಕಿಕೊಳ್ಳುತ್ತದೆ. ಎಂಟು ತಿಂಗಳದ್ದು ಎಂಟು ಬೇಡ. ಈಗಿನ ಮಾಸಿಕ ಅಪ್‌ಡೇಟ್ ಹಿಂದಿನದೆಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡೇ ಬರುತ್ತದೆ, ಇತ್ತೀಚಿನ ಒಂದು ಸಾಕು. ಅಕ್ಟೋಬರ್ ಆದ ಮೇಲಿನದು ಬೇಕಾದರೆ ಮೊದಲು ನೋಂದಣಿ, ಆಮೇಲೆ ಪೆನ್‌ಡ್ರೈವ್. ಆ ಕ್ರಮ ತಪ್ಪಿಸಬೇಡಿ.

ಫ್ರೀಲೋಡರ್99
ಇಷ್ಟೆಲ್ಲ ಯಾಕೆ? ನನ್ನ ಹತ್ತಿರ ಎಲ್ಲ ಅಪ್‌ಡೇಟ್ ಸೇರಿಸಿ ಯಾರೋ ಮಾಡಿರುವ ಒಂದೇ ಐಎಸ್‌ಒ (ಪೂರ್ತಿ ವಿಂಡೋಸ್ ಹಾಕುವ ಕಡತ) ಇದೆ, ಆ್ಯಕ್ಟಿವೇಶನ್ನೂ ಬೇಡ. ಲಿಂಕ್: [ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕಿ
ಕೊಂಡಿ ತೆಗೆದಿದ್ದೇನೆ. ನಿಯಮ ಅಂತ ಮಾತ್ರ ಅಲ್ಲ. ಎಳೆಯ ಮೊದಲ ಪೋಸ್ಟ್ ಓದಿ. ಗುರುತಿಲ್ಲದವರು ಕೊಟ್ಟ ಅಪ್‌ಡೇಟ್ ಒತ್ತಿಯೇ ಅವರು ಇಲ್ಲಿಗೆ ಬಂದಿರುವುದು.

ಡಯಲಪ್ ಕಾಲದವ
ಮೇಡಂ ಸರಿಯಾಗಿ ಹೇಳಿದರು. ನನಗೆ ಒಂದು ವಿಷಯ ಸ್ಪಷ್ಟ. ಅಪ್‌ಡೇಟ್ ವಿಷಯದಲ್ಲಿ 'ಯಾವಾಗ ಹಾಕಬೇಕು' ಅನ್ನುವುದಕ್ಕಿಂತ 'ಯಾವ ಬಾಗಿಲಿನಿಂದ ತರಬೇಕು' ಅನ್ನುವುದೇ ದೊಡ್ಡದು. ಪುಟದೊಳಗಿಂದ ಎದ್ದು ಬರುವ ಪೆಟ್ಟಿಗೆಗೆ ನಿಮ್ಮ ಬ್ರೌಸರನ್ನು ಹೊಸದು ಮಾಡುವ ಹಕ್ಕೇ ಇಲ್ಲ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಹಿನ್ನೆಲೆಯಲ್ಲಿ ತಾವೇ ಇಳಿಸಿಕೊಳ್ಳುತ್ತವೆ, ಮುಚ್ಚಿ ತೆರೆದರೆ ಆಯಿತು. ಅನುಮಾನ ಬಂದರೆ ಬ್ರೌಸರ್‌ನ ಮೆನುವಿನಲ್ಲಿ 'ಅಬೌಟ್' ಒತ್ತಿ, ಅಲ್ಲೇ ಗೊತ್ತಾಗುತ್ತದೆ. ಫ್ಲಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ ಎಂದು ಯಾರಾದರೂ ಕೇಳಿದರೆ ನಗಿ. ಅದು 2020ರ ಡಿಸೆಂಬರ್ 31ಕ್ಕೆ ತೀರಿಕೊಂಡಿದೆ.

ಅರೆಬರೆ
ಸರಿಯಾದ ಬಾಗಿಲಿನಿಂದ ಬಂದರೂ ಗ್ಯಾರಂಟಿ ಇಲ್ವಲ್ಲ ಸರ್. 2017ರಲ್ಲಿ ಕಸ ಗುಡಿಸುವ ತಂತ್ರಾಂಶ ಸಿಕ್ಲೀನರ್ ಕಥೆ ಏನಾಯಿತು? ಅಧಿಕೃತ ತಾಣ, ಅಸಲಿ ಡಿಜಿಟಲ್ ಸಹಿ, ಒಳಗೆ ವಿಷ. ಸುಮಾರು ಒಂದು ತಿಂಗಳು ಹಾಗೇ ಹಂಚಿಕೆಯಾಯಿತು, 20 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡುವುದು?

ರಾತ್ರಿಪಾಳಿ
ಇದು ಒಳ್ಳೆಯ ಪ್ರಶ್ನೆ. ನಿಜವಾಗಿ ಹೇಳುವುದಾದರೆ, ಮನೆಯಲ್ಲಿ ಕೂತವರು ಅದನ್ನು ತಡೆಯಲು ಆಗುವುದಿಲ್ಲ. ಸಹಿ ಅನ್ನುವುದು ಕಡತ ಆ ಕಂಪನಿಯಿಂದಲೇ ಬಂತು ಎಂದು ಹೇಳುತ್ತದೆ, ಕಂಪನಿಯ ಮನೆಯೊಳಗೇ ಕಳ್ಳ ಇದ್ದಾನೆಯೇ ಎಂದು ಹೇಳುವುದಿಲ್ಲ. ಒಂದೇ ಒಂದು ಕೆಲಸ ನಮ್ಮ ಕೈಯಲ್ಲಿದೆ: ಯಂತ್ರದಲ್ಲಿ ಕಡಿಮೆ ತಂತ್ರಾಂಶ ಇಟ್ಟುಕೊಳ್ಳುವುದು. ಹತ್ತು ಪ್ರೋಗ್ರಾಂ ಇದ್ದರೆ ಹತ್ತು ಬಾಗಿಲು. ವರ್ಷದಿಂದ ತೆರೆಯದೇ ಇರುವುದನ್ನು ತೆಗೆದರೆ ಅದರ ಅಪ್‌ಡೇಟ್ ಚಿಂತೆಯೂ ಹೋಯಿತು. 'ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇನೆ' ಎನ್ನುವ ಪ್ರೋಗ್ರಾಂಗಳನ್ನಂತೂ ಹತ್ತಿರ ಸೇರಿಸಬೇಡಿ.

ಉಳಿದವಕ್ಕೆ, ವಿಂಡೋಸ್‌ನಲ್ಲೂ ಈಗ ಒಂದು ಉಗ್ರಾಣ ಇದೆ. 'ವಿನ್‌ಗೆಟ್', 2021ರಲ್ಲಿ 1.0 ಬಂತು. ಕಪ್ಪು ಕಿಟಕಿಯಲ್ಲಿ 'ವಿನ್‌ಗೆಟ್ ಅಪ್‌ಗ್ರೇಡ್' ಎಂದು ಹೊಡೆದರೆ ಯಾವುದು ಹಳೆಯದಾಗಿದೆ ಎಂದು ಪಟ್ಟಿ ಕೊಡುತ್ತದೆ. ಪಟ್ಟಿ ನೋಡಿ, ಬೇಕಾದ್ದನ್ನು ಹೊಸದು ಮಾಡಿ. ನಾನು ತಿಂಗಳಿಗೆ ಒಮ್ಮೆ ಮಾಡುತ್ತೇನೆ.

ಸೇಬುತೋಟ
ಮ್ಯಾಕ್‌ನಲ್ಲಿ ಸಿಸ್ಟಮ್‌ದು ಸೆಟಿಂಗ್ಸ್‌ನಿಂದ, ಆ್ಯಪ್‌ಗಳು ಆ್ಯಪ್ ಸ್ಟೋರ್‌ನಿಂದ. ಹೊರಗಿನಿಂದ ಹಾಕಿದ ಪ್ರೋಗ್ರಾಂಗಳಿಗೆ ನಮಗೂ ಅದೇ ಗೋಳು. ನನ್ನ ಹಳೇ ಯಂತ್ರಕ್ಕೆ ಹೊಸ ಆವೃತ್ತಿ ಬರುವುದು ನಿಂತಿದೆ. ಹೇಳಲು ಅಷ್ಟೇ ಇರುವುದು.

ಲ್ಯಾಬ್ ಟೀಚರ್
ಮೂಲೆಮನೆ ಅವರಿಗೆ ಡೇಟಾ ಉಳಿಸುವ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳಲಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚುವಂತೆ ಯಂತ್ರಕ್ಕೂ ಹೇಳಬೇಕು. ನಿಮ್ಮ ಹಾಟ್‌ಸ್ಪಾಟ್‌ನ ವೈಫೈ ಸೆಟಿಂಗ್ಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಆಗ ದೊಡ್ಡ ಅಪ್‌ಡೇಟ್‌ಗಳನ್ನು ಕೇಳದೆ ಇಳಿಸುವುದಿಲ್ಲ. ನೆನಪಿಡಿ, ಇದು ಆ ವೈಫೈ ಹೆಸರಿಗೆ ಮಾತ್ರ. ಫೋನ್ ಬದಲಿಸಿದರೆ ಮತ್ತೆ ಹಾಕಬೇಕು.

ಮನೆಯಲ್ಲಿ ಎರಡು ವಿಂಡೋಸ್ ಯಂತ್ರ ಇದ್ದರೆ 'ಡೆಲಿವರಿ ಆಪ್ಟಿಮೈಸೇಶನ್' ಆನ್ ಮಾಡಿ, ನನ್ನ ಮನೆಯ ಜಾಲದ ಯಂತ್ರಗಳು ಮಾತ್ರ ಎಂಬುದನ್ನು ಆರಿಸಿ. ಒಂದು ಇಳಿಸಿದ ತುಣುಕುಗಳನ್ನು ಇನ್ನೊಂದು ಅದರಿಂದಲೇ ತೆಗೆದುಕೊಳ್ಳುತ್ತದೆ. ಇಂಟರ್ನೆಟ್‌ನಲ್ಲಿರುವ ಎಲ್ಲರಿಗೂ ಎಂಬ ಇನ್ನೊಂದು ಆಯ್ಕೆ ಇದೆ, ಅದನ್ನು ಆರಿಸಿದರೆ ನಿಮ್ಮ ಡೇಟಾದಿಂದ ಊರಿನವರಿಗೆಲ್ಲ ಹಂಚುತ್ತದೆ.

ಪೆಂಗ್ವಿನ್ ಪಕ್ಷದವ
ಬಯೋಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಬಗ್ಗೆಯೂ ಹೇಳಿ. ಹತ್ತು ವರ್ಷದ ಯಂತ್ರ ಅಂದರಲ್ಲ.

ರಾತ್ರಿಪಾಳಿ
ತಯಾರಕರ ತಾಣದಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿ, ಭದ್ರತೆಯ ಕಾರಣಕ್ಕೆ ಬಂದದ್ದು ಇದ್ದರೆ ಹಾಕಿ. ಹಾಕುವಾಗ ಚಾರ್ಜರ್ ಚುಚ್ಚಿರಬೇಕು, ಬ್ಯಾಟರಿಯೂ ತುಂಬಿರಬೇಕು. ನಡುವೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಇಟ್ಟಿಗೆ ಆಗುತ್ತದೆ. ಬರೀ ಹೊಸದು ಅನ್ನುವ ಖುಷಿಗೆ ಮುಟ್ಟಬೇಡಿ.

ಇನ್ನೊಂದು ಸಂಗತಿ. ಯಂತ್ರ ಏಳುವಾಗ ಅಸಲಿ ತಂತ್ರಾಂಶವೇ ಎಂದು ಪರೀಕ್ಷಿಸುವ ಸೆಕ್ಯೂರ್ ಬೂಟ್‌ಗೆ 2011ರಲ್ಲಿ ಕೊಟ್ಟ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಹೊಸ ಸರ್ಟಿಫಿಕೇಟ್‌ಗಳು ಅಪ್‌ಡೇಟ್ ಮೂಲಕವೇ ಬರುತ್ತಿವೆ. ಬಂದ್ ಮಾಡಿ ಕೂತವರಿಗೆ ಅವು ಬರುವುದಿಲ್ಲ. ಯಾರನ್ನೂ ಹೆಸರು ಹಿಡಿದು ಹೇಳುತ್ತಿಲ್ಲ.

ಅರೆಬರೆ
ಹೇಳಿದ ಹಾಗೇ ಆಯಿತು ಬಿಡಿ. ಆ್ಯಕ್ಟಿವ್ ಅವರ್ಸ್ ಹಾಕಿಕೊಂಡು ನೋಡುತ್ತೇನೆ, ಒಂದು ತಿಂಗಳು. ಮತ್ತೆ ರೆಂಡರ್ ನಡುವೆ ಆಫ್ ಆದರೆ ಇದೇ ಎಳೆಗೆ ಬಂದು ಜಗಳ ಮಾಡುತ್ತೇನೆ.

ಮೂಲೆಮನೆ
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕ್ಲೀನಪ್ ಮಾಡಿ, ಅಪ್ಪನ ಫೋಟೋಗಳನ್ನು ಹೊರಗಿನ ಡ್ರೈವ್‌ಗೆ ಸಾಗಿಸಿದ ಮೇಲೆ 24 ಜಿಬಿ ಖಾಲಿಯಾಯಿತು. ಯಂತ್ರ 22ಎಚ್2ನಲ್ಲೇ ಇತ್ತು. ನೋಂದಣಿಗೆ ಫೋನಿನ ಡೇಟಾ ಸಾಕಾಯಿತು. ಮಾಸಿಕ ಅಪ್‌ಡೇಟನ್ನು ಗೆಳತಿಯ ಮನೆಯಲ್ಲಿ ಕ್ಯಾಟಲಾಗ್‌ನಿಂದ ಇಳಿಸಿ ತಂದೆ. ಮೊದಲ ಸಲ ಅವಸರದಲ್ಲಿ ಎಆರ್‌ಎಂ64 ಎಂದು ಇದ್ದದ್ದನ್ನು, ಅಂದರೆ ಬೇರೆ ಬಗೆಯ ಚಿಪ್‌ನದನ್ನು, ಇಳಿಸಿಬಿಟ್ಟಿದ್ದೆ, 'ಈ ಯಂತ್ರಕ್ಕೆ ಇದಲ್ಲ' ಎಂದಿತು. ಮತ್ತೆ ಹೋಗಿ ಸರಿಯಾದ್ದು ತಂದೆ. ಒಂದೂವರೆ ಗಂಟೆ ತೆಗೆದುಕೊಂಡಿತು, ಎರಡು ಸಲ ಮರುಚಾಲೂ ಆಯಿತು. ಈ ಸಲ ಹಿಂದಕ್ಕೆ ಬರಲಿಲ್ಲ.

ಅಪ್ಪ ಆ ಒಂದೂವರೆ ಗಂಟೆಯೂ ಎದುರಿಗೇ ಕೂತು ಶೇಕಡಾ ಎಣಿಸುತ್ತಿದ್ದರು. ಈಗ ಪ್ರತಿ ಪೆಟ್ಟಿಗೆ ಎದ್ದಾಗಲೂ ನನಗೆ ಫೋಟೋ ಕಳಿಸಿ 'ಇದು ಒಳಗಿನದಾ, ಹೊರಗಿನದಾ?' ಎಂದು ಕೇಳುತ್ತಾರೆ. ನಿನ್ನೆ ಕಳಿಸಿದ್ದು ಬ್ಯಾಟರಿ ಕಡಿಮೆ ಇದೆ ಎಂಬ ಪೆಟ್ಟಿಗೆ.

ಡಯಲಪ್ ಕಾಲದವ
ಒಳಗಿನದೇ ಎಂದು ಹೇಳಿ, ಬೇಗ ಚಾರ್ಜರ್ ಹಾಕಲಿ.

ಮೂಲೆಮನೆ
ಹಾಕಿದರು ಸರ್. ಪ್ರಿಂಟರ್ ಮಾತ್ರ ಇನ್ನೂ ಗುರುತು ಹಿಡಿಯುತ್ತಿಲ್ಲ. ಎಂಟು ತಿಂಗಳ ಹಿಂದೆಯೂ ಹಿಡಿಯುತ್ತಿರಲಿಲ್ಲ ಅಂತ ಅಪ್ಪ ಈಗ ಹೇಳುತ್ತಿದ್ದಾರೆ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ.